‘ಇಂಡಿಯಾ ಆಡಿದ್ದಾರಾ?’ ಎಂಬ ತಪ್ಪು ಪ್ರಶ್ನೆ

ಮಗುವನ್ನು ವಾಲಿಬಾಲ್ ಅಕಾಡೆಮಿಗೆ ಸೇರಿಸಲು ಬರುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಒಂದೇ ಮಾತು: ‘ನಿಮ್ಮ ಕೋಚ್ ಇಂಡಿಯಾ ಆಡಿದ್ದಾರಾ?’ ಹೌದು ಎಂದರೆ ಕೂಡಲೇ ಹೆಸರು ಬರೆಸುತ್ತಾರೆ. ಇಲ್ಲ, ಯೂನಿವರ್ಸಿಟಿ ತಂಡದವರೆಗೆ ಆಡಿದ್ದಾರೆ, ಆಮೇಲೆ ಇಷ್ಟು ವರ್ಷವೂ ಮಕ್ಕಳಿಗೇ ಕಲಿಸಿಕೊಂಡು ಬಂದಿದ್ದಾರೆ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ದೊಡ್ಡ ಆಟಗಾರನೇ ದೊಡ್ಡ ಗುರು ಎಂಬ ಈ ನಂಬಿಕೆಯನ್ನು ಎಷ್ಟು ಸಲ ಕೇಳಿದರೂ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ಇದಕ್ಕೆ ಬೆಲೆ ತೆರುವುದು ಹನ್ನೆರಡು ವರ್ಷದ ಮಕ್ಕಳ ಮಂಡಿ, ಭುಜ ಮತ್ತು ಉತ್ಸಾಹ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ ಫೈನಲ್ ನೆನಪಿಸಿಕೊಳ್ಳಿ. ಅಮೆರಿಕದ ಕೋಚ್ ಕಾರ್ಚ್ ಕಿರಾಯ್. 1984 ಮತ್ತು 1988ರಲ್ಲಿ ಒಳಾಂಗಣ ವಾಲಿಬಾಲ್‌ನಲ್ಲಿ, 1996ರಲ್ಲಿ ಬೀಚ್ ವಾಲಿಬಾಲ್‌ನಲ್ಲಿ ಚಿನ್ನ ಗೆದ್ದವರು. ಇಪ್ಪತ್ತನೇ ಶತಮಾನದ ಶ್ರೇಷ್ಠ ಪುರುಷ ಆಟಗಾರರೆಂದು ಅಂತರರಾಷ್ಟ್ರೀಯ ಫೆಡರೇಷನ್ ಆರಿಸಿದ ಇಬ್ಬರಲ್ಲಿ ಒಬ್ಬರು. ಎದುರು ಇಟಲಿಯ ಬೆಂಚಿನಲ್ಲಿದ್ದವರು ಹುಲಿಯೊ ವೆಲಾಸ್ಕೊ. ಅರ್ಜೆಂಟೀನಾದ ಲಾ ಪ್ಲಾಟಾದವರು, ಕಾಲೇಜಿನಲ್ಲಿ ಓದಿದ್ದು ತತ್ವಶಾಸ್ತ್ರ, ಆಟಗಾರರಾಗಿ ಒಂದು ಒಲಿಂಪಿಕ್ ಪದಕವನ್ನೂ ಗೆದ್ದವರಲ್ಲ. ಇಟಲಿ 3-0ರಿಂದ ಗೆದ್ದಿತು. ಇದೇ ವೆಲಾಸ್ಕೊ 1990 ಮತ್ತು 1994ರಲ್ಲಿ ಇಟಲಿಯ ಪುರುಷರ ತಂಡವನ್ನು ವಿಶ್ವ ಚಾಂಪಿಯನ್ ಮಾಡಿದ್ದರು. ಅಷ್ಟೆಲ್ಲ ಆದ ಮೇಲೆ, ಪ್ಯಾರಿಸ್‌ಗೆ ಕೆಲವೇ ವರ್ಷ ಮೊದಲು, ಇಟಲಿಯ ಕಿರಿಯ ಹುಡುಗರ ವಿಭಾಗದ ತಾಂತ್ರಿಕ ನಿರ್ದೇಶಕರಾಗಿದ್ದರು. ನಮ್ಮ ಎಷ್ಟೋ ಅಕಾಡೆಮಿಗಳ ಬಾಗಿಲಲ್ಲಿ ಇವರಿಗೆ ‘ನೀವೇನು ಆಡಿದ್ದೀರಿ?’ ಎಂಬ ಪ್ರಶ್ನೆ ಎದುರಾಗುತ್ತಿತ್ತು.

ಒಂದು ಪಂದ್ಯ ಇಟ್ಟುಕೊಂಡು ವಾದಿಸುವುದು ಸರಿಯಲ್ಲ, ಒಪ್ಪುತ್ತೇನೆ. ಕಿರಾಯ್ ಕೂಡ ಟೋಕಿಯೊದಲ್ಲಿ ಅಮೆರಿಕದ ಮಹಿಳೆಯರಿಗೆ ಮೊದಲ ಚಿನ್ನ ತಂದುಕೊಟ್ಟ ಕೋಚ್. ಆದರೆ ಅದು ಅವರ ಆಟದ ಪದಕಗಳಿಂದ ತಾನಾಗಿ ಬಂದದ್ದಲ್ಲ. ಲಂಡನ್ ಒಲಿಂಪಿಕ್ಸ್‌ವರೆಗಿನ ನಾಲ್ಕು ವರ್ಷ ಅವರು ಹ್ಯೂ ಮೆಕಚನ್ ಅವರ ಕೈಕೆಳಗೆ ಸಹಾಯಕ ಕೋಚ್ ಆಗಿದ್ದರು. ಜಗತ್ತಿನ ಶ್ರೇಷ್ಠ ಆಟಗಾರನೇ ಕಲಿಸುವುದನ್ನು ಬೇರೆಯಾಗಿ ಕಲಿತ. ಬ್ರೆಜಿಲ್‌ನ ಬರ್ನಾರ್ಡಿನ್ಯೊ 1984ರ ಬೆಳ್ಳಿ ಗೆದ್ದ ತಂಡದಲ್ಲಿ ಬದಲಿ ಸೆಟ್ಟರ್. ಹೊರಗೆ ಕೂತು ಆಟ ಓದಿದ ಆ ಮನುಷ್ಯ 2004 ಮತ್ತು 2016ರಲ್ಲಿ ಕೋಚ್ ಆಗಿ ಚಿನ್ನ ಗೆದ್ದರು.

ಆಟ ಬೇರೆ, ಕಲಿಸುವುದು ಬೇರೆ ಎಂಬುದನ್ನು ನಮ್ಮ ಸರ್ಕಾರವೇ ಒಪ್ಪಿದೆ. ಆಡಿದವರಿಗೆ ಅರ್ಜುನ, ಕಲಿಸಿದವರಿಗೆ ದ್ರೋಣಾಚಾರ್ಯ. ಭಾರತದ ವಾಲಿಬಾಲ್ ಆಟಗಾರರೂ ಕೋಚೂ ಆಗಿದ್ದ ಜಿ.ಇ. ಶ್ರೀಧರನ್ ಅವರಿಗೆ ಅರ್ಜುನ ಬಂದದ್ದು 1982ರಲ್ಲಿ, ದ್ರೋಣಾಚಾರ್ಯ ಬಂದದ್ದು 2007ರಲ್ಲಿ. ಮೊದಲನೆಯದು ಸಿಕ್ಕಿತೆಂದು ಎರಡನೆಯದನ್ನು ಯಾರೂ ಜೊತೆಗೇ ಕೊಡಲಿಲ್ಲ.

ಆಡುವುದೂ ಕಲಿಸುವುದೂ ಬೇರೆಯಾಗಲು ಕಾರಣವೂ ಸ್ಪಷ್ಟ. ಚೆನ್ನಾಗಿ ಆಡುವವನ ದೇಹಕ್ಕೆ ಎಲ್ಲವೂ ತಾನಾಗಿಯೇ ಬರುತ್ತದೆ. ಸ್ಪೈಕಿಗೆ ಓಡಿ ಬರುವಾಗ ಯಾವ ಕಾಲು ಮೊದಲು ಎಂದು ಅವನು ಯೋಚಿಸುವುದಿಲ್ಲ. ಹಾಗಾಗಿ ಮಗು ಎರಡು ಹೆಜ್ಜೆ ತಡವಾಗಿ ನೆಗೆದಾಗ ಅವನಿಗೆ ತಪ್ಪು ಕಾಣುತ್ತದೆ, ತಪ್ಪಿನ ಮೂಲ ಕಾಣುವುದಿಲ್ಲ. ‘ನೋಡು, ಹೀಗೆ’ ಎಂದು ತಾನೇ ಹೊಡೆದು ತೋರಿಸುತ್ತಾನೆ. ಮಗು ಬೆರಗಾಗುತ್ತದೆ, ಕಲಿಯುವುದಿಲ್ಲ. ಮಕ್ಕಳಿಗೆ ಕಲಿಸಿ ಪಳಗಿದವರು ಆ ನೆಗೆತವನ್ನು ತುಂಡು ಮಾಡಿ, ಮೊದಲು ಬರೀ ಹೆಜ್ಜೆ, ಆಮೇಲೆ ಕೈ ಬೀಸು, ಕೊನೆಗೆ ಚೆಂಡು ಎಂದು ಹೇಳಿಕೊಡುತ್ತಾರೆ.

ಇನ್ನು ಬೆಳೆಯುವ ದೇಹದ ವಿಷಯ. ಸಾಮಾನ್ಯವಾಗಿ ಹುಡುಗಿಯರು ಹನ್ನೊಂದು ಹನ್ನೆರಡರ ಹೊತ್ತಿಗೆ, ಹುಡುಗರು ಹದಿಮೂರು ಹದಿನಾಲ್ಕರ ಹೊತ್ತಿಗೆ ಬಹಳ ಬೇಗ ಉದ್ದವಾಗುತ್ತಾರೆ. ಆಗ ಮಂಡಿ ಚಿಪ್ಪಿನ ಕೆಳಗೆ ನೋವು ಬರುವುದು ನೆಗೆಯುವ ಆಟಗಳಲ್ಲಿ ತೀರಾ ಸಾಮಾನ್ಯ. ಅರಿತ ಕೋಚ್ ನೆಗೆತ ಕಡಿಮೆ ಮಾಡಿಸಿ ಸರ್ವ್ ರಿಸೀವ್ ಕಲಿಸುತ್ತಾರೆ, ಅರಿಯದವರು ‘ತಾಳಿಕೋ, ನಾವೂ ಹೀಗೇ ಆಡಿದ್ದು’ ಎನ್ನುತ್ತಾರೆ. ಪುರುಷರ ನೆಟ್ 2.43 ಮೀಟರ್, ಮಹಿಳೆಯರದು 2.24. ಆ ಎತ್ತರಕ್ಕೆ ಹತ್ತು ವರ್ಷದ ಮಗುವನ್ನು ನಿಲ್ಲಿಸಿದರೆ ಅದು ತಪ್ಪು ರೀತಿಯಲ್ಲಿ ಚೆಂಡು ಎತ್ತುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ಹನ್ನೆರಡಕ್ಕೇ ಉದ್ದವಿರುವ ಹುಡುಗನನ್ನು ಸೆಂಟರ್ ಬ್ಲಾಕರ್ ಎಂದು ಮುದ್ರೆಯೊತ್ತಿದರೆ, ಗೆಳೆಯರು ಅವನಷ್ಟೇ ಬೆಳೆದು ನಿಂತ ಹದಿನಾರರಲ್ಲಿ ಅವನಿಗೆ ಅಂಡರ್‌ಹ್ಯಾಂಡೂ ಬರದು, ಲಿಫ್ಟೂ ಬರದು. ಗೆಲ್ಲಲೇಬೇಕೆಂಬ ಹಟದ ಮಾಜಿ ಆಟಗಾರ ಹೆಚ್ಚಾಗಿ ಮಾಡುವ ತಪ್ಪು ಇದೇ, ಏಕೆಂದರೆ ಮುಂದಿನ ಭಾನುವಾರದ ಟೂರ್ನಮೆಂಟಿಗೆ ಉದ್ದದ ಹುಡುಗ ಬೇಕು.

ಆಟವೇ ಬದಲಾಗಿದೆ ಎಂಬುದೂ ಮರೆತುಹೋಗುತ್ತದೆ. 1998ರಿಂದ 2000ದ ಆಸುಪಾಸಿನಲ್ಲಿ ಹಿಂದಿನ ಸಾಲಿನ ರಕ್ಷಣೆಗೆಂದೇ ಇರುವ ಲಿಬೆರೊ ಬಂದ, ಪ್ರತಿ ರ‍್ಯಾಲಿಗೂ ಪಾಯಿಂಟ್ ಬಂತು, ನೆಟ್ ಸವರಿ ದಾಟಿದ ಸರ್ವ್ ಆಟದಲ್ಲಿ ಉಳಿಯಿತು. ಸರ್ವ್ ಇದ್ದವರಿಗೆ ಮಾತ್ರ ಪಾಯಿಂಟ್ ಸಿಗುತ್ತಿದ್ದ ಕಾಲದಲ್ಲಿ ಮೆರೆದವರು ಆಮೇಲೆ ಕಲಿಯುವುದನ್ನು ನಿಲ್ಲಿಸಿದ್ದರೆ, ಅವರು ಕಲಿಸುವುದು ಈಗ ಯಾರೂ ಆಡದ ಆಟವನ್ನು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಕೋರ್ಸ್ ಮಾಡಿದ್ದರೆ ಮುಗಿಯಿತು ಎನ್ನುವವರು ಪಟಿಯಾಲದ ಪೂರ್ಣಾವಧಿ ಡಿಪ್ಲೊಮಾವನ್ನೂ ಆರು ವಾರದ ಸರ್ಟಿಫಿಕೇಟ್ ಕೋರ್ಸನ್ನೂ ಒಂದೇ ಎಂದುಕೊಂಡಿರುತ್ತಾರೆ. ‘ಇಪ್ಪತ್ತು ವರ್ಷದ ಅನುಭವ’ ಎಂದರೆ ಯಾವ ವಯಸ್ಸಿನವರ ಜೊತೆಗಿನ ಅನುಭವ ಎಂದು ಕೇಳದೆ ಆ ಮಾತಿಗೆ ಅರ್ಥವಿಲ್ಲ. ಸ್ಕೂಲಿನ ಪಿಟಿ ಮೇಷ್ಟ್ರಿಗೇನು ಗೊತ್ತು ಎನ್ನುವವರಿಗೆ ಹೇಳಬೇಕಾದ್ದು, ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳ ಕೈಗೆ ಮೊದಲ ಚೆಂಡು ಕೊಟ್ಟವರು ಅವರೇ. ಬೈದು ಹೊಡೆಯುವ ಕೋಚೇ ಶಿಸ್ತಿನ ಕೋಚ್ ಎಂಬುದಂತೂ ಶುದ್ಧ ಸುಳ್ಳು, ಹೆದರಿದ ಮಗು ಸೋಲಿನ ಭಯಕ್ಕೆ ಹೊಸದನ್ನು ಪ್ರಯತ್ನಿಸುವುದನ್ನೇ ಬಿಡುತ್ತದೆ.

ಇದೆಲ್ಲ ವಾಲಿಬಾಲಿಗಷ್ಟೇ ಸೀಮಿತವಲ್ಲ. ಫ್ಲೆಕ್ಸ್ ಮೇಲಿನ ರ‍್ಯಾಂಕ್ ವಿದ್ಯಾರ್ಥಿಗಳ ಫೋಟೊ ನೋಡಿ ಟ್ಯೂಷನ್ ಆರಿಸುತ್ತೇವೆ. ಆ ಮಕ್ಕಳು ಸೇರುವ ಮೊದಲೇ ಜಾಣರಿದ್ದರೋ ಎಂದು ವಿಚಾರಿಸುವುದಿಲ್ಲ. ಹೊಳೆಯುವ ಹೆಸರು ಕಂಡರೆ ಪ್ರಶ್ನೆ ಕೇಳುವುದನ್ನೇ ಬಿಡುವ ಈ ಗುಣ ನಮ್ಮಲ್ಲಿ ಆಳವಾಗಿ ಬೇರೂರಿದೆ. ತರಕಾರಿಯನ್ನು ಒಂದೊಂದಾಗಿ ಆರಿಸಿ ಕೊಳ್ಳುವ ನಾವು ಮಗುವಿನ ಗುರುವನ್ನು ಫೋಟೊ ನೋಡಿ ಒಪ್ಪಿಕೊಳ್ಳುತ್ತೇವೆ.

ಅಕಾಡೆಮಿಗೆ ಹೋಗುವವರು ಒಂದು ಸಂಜೆ ಪೂರ್ತಿ ಕೋರ್ಟಿನ ಬದಿಯಲ್ಲಿ ಕೂತು ನೋಡಲಿ. ಚೆಂಡು ಎತ್ತಲಾಗದ ಮಗುವಿಗೆ ಕೋಚ್ ಏನು ಹೇಳುತ್ತಾರೆ, ಪ್ರತಿಯೊಬ್ಬರಿಗೂ ಎಷ್ಟು ಸಲ ಚೆಂಡು ಸಿಗುತ್ತದೆ ಎಂಬುದನ್ನು ಗಮನಿಸಲಿ. ಮೂರು ವರ್ಷದ ಹಿಂದೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಇನ್ನೂ ಆಡುತ್ತಿದ್ದಾರೆ ಎಂದು ಕೇಳಲಿ. ಕೋಚ್ ಇಂಡಿಯಾ ಆಡಿದ್ದರೆ ಸಂತೋಷ, ಅದಕ್ಕೆ ಗೌರವವಿರಲಿ. ಆದರೆ ಮಗುವಿಗೆ ಬೇಕಾದದ್ದು ಅವರು ಏನು ಗೆದ್ದರು ಎಂಬುದಲ್ಲ, ಅವರ ಕೈಯಲ್ಲಿ ಯಾರು ಯಾರು ಕಲಿತರು ಎಂಬುದು.