ನಡುಮನೆಗೂ ಅಡುಗೆಮನೆಗೂ ಒಂದೇ ತಾಳ

ನಾನು ಹುಡುಗನಾಗಿದ್ದಾಗ ಮೈಸೂರಿನ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಹಾಲು ತರಲು ಹೊರಟರೆ ಹಾಡೂ ಜೊತೆಗೇ ಬರುತ್ತಿತ್ತು. ನಮ್ಮ ಮನೆಯ ರೇಡಿಯೋದಲ್ಲಿ ಪಲ್ಲವಿ ಶುರುವಾಗಿದ್ದರೆ ಎದುರು ಮನೆಯ ಕಿಟಕಿಯಲ್ಲಿ ಅನುಪಲ್ಲವಿ, ಬೀದಿ ಕೊನೆಯ ಹೋಟೆಲಿನ ಗಲ್ಲಾಪೆಟ್ಟಿಗೆ ಮೇಲಿದ್ದ ಟ್ರಾನ್ಸಿಸ್ಟರಿನಲ್ಲಿ ಚರಣ. ನಡುವೆ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಆಗ ಅದರಲ್ಲಿ ಸೋಜಿಗವೇನೂ ಕಂಡಿರಲಿಲ್ಲ. ಒಂದೇ ಮನೆಯ ಎರಡು ಕೋಣೆಗಳಲ್ಲಿ ಒಂದೇ ಹಾಡು ಒಟ್ಟಿಗೆ ಕೇಳಿಸಲು ಹೊರಟಾಗ ಆ ಬೀದಿಯ ಬೆಲೆ ತಿಳಿಯಿತು.

ಆ ರೇಡಿಯೋಗಳೆಲ್ಲ ಒಟ್ಟಿಗೆ ಹಾಡುತ್ತಿದ್ದುದರ ಗುಟ್ಟು ಸರಳ. ರೇಡಿಯೋ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. 300 ಮೀಟರ್ ಉದ್ದದ ಬೀದಿಯ ಈ ತುದಿಗೂ ಆ ತುದಿಗೂ ಅದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟೇ ವ್ಯತ್ಯಾಸ. ಬಂದ ಅಲೆಯನ್ನು ಪೆಟ್ಟಿಗೆ ಬಂದ ಹಾಗೇ ಸದ್ದು ಮಾಡಿಬಿಡುತ್ತಿತ್ತು, ಕೂಡಿಟ್ಟುಕೊಳ್ಳುತ್ತಿರಲಿಲ್ಲ. ಇಂಟರ್ನೆಟ್ಟಿನ ಹಾಡು ಹಾಗಲ್ಲ. ಅದು ಚೂರುಚೂರಾಗಿ ಬರುತ್ತದೆ. ಕೆಲವು ಚೂರು ಬೇಗ, ಕೆಲವು ತಡ. ಅದಕ್ಕೇ ಪ್ರತಿ ಸಾಧನವೂ ಒಂದಿಷ್ಟನ್ನು ಸೇರಿಸಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಎಷ್ಟು ಹೊತ್ತು ಸೇರಿಸಿಡಬೇಕು ಎನ್ನುವುದು ಒಂದೊಂದರ ಲೆಕ್ಕ ಒಂದೊಂದು. ಕ್ರಿಕೆಟ್ ದಿನ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಪಕ್ಕದ ಮನೆಯಿಂದ "ಔಟ್!" ಎಂಬ ಕೂಗು ಕೇಳಿಬರುವುದು ಇದರಿಂದಲೇ.

ನಾನು ಮೊದಲು ತಂದದ್ದು ಎರಡು ಬ್ಲೂಟೂತ್ ಸ್ಪೀಕರ್. ಗುಂಡಿ ಒತ್ತಿದರೆ ಎರಡೂ ಒಟ್ಟಿಗೆ ಹಾಡುತ್ತವೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಒಂದನ್ನು ನಡುಮನೆಯಲ್ಲಿಟ್ಟೆ, ಇನ್ನೊಂದನ್ನು ಅಡುಗೆಮನೆಯ ಮಸಾಲೆ ಡಬ್ಬಿಗಳ ಪಕ್ಕ. ಕಛೇರಿಯ ಧ್ವನಿಮುದ್ರಣವೊಂದನ್ನು ಹಾಕಿದೆ. ಗಾಯನ ನಡೆಯುವಷ್ಟು ಹೊತ್ತು ಏನೂ ಗೊತ್ತಾಗಲಿಲ್ಲ. ತಾಳವಾದ್ಯಕ್ಕೇ ಮೀಸಲಾದ ತನಿ ಆವರ್ತನ ಶುರುವಾಯಿತು ನೋಡಿ, ಬಾಗಿಲಲ್ಲಿ ನಿಂತು ತರಕಾರಿ ಸೋಸುತ್ತಿದ್ದ ಅಮ್ಮ ತಲೆ ಎತ್ತಿದರು. "ಯಾಕೋ, ಮೃದಂಗಕ್ಕೆ ಇಬ್ಬರು ಕೂತಿರೋ ಹಾಗಿದೆಯಲ್ಲೋ?" ನಿಜ. ಒಂದೊಂದು ಪೆಟ್ಟೂ ಎರಡೆರಡಾಗಿ ಕೇಳುತ್ತಿತ್ತು.

ಹಾಡು ಚೆನ್ನಾಗಿದ್ದು ಮೃದಂಗ ಮಾತ್ರ ಕೆಟ್ಟದ್ದೇಕೆ? ಉತ್ತರ ನಮ್ಮ ಕಿವಿಯಲ್ಲಿದೆ. ಒಂದೇ ಸದ್ದು ಅತಿ ಸ್ವಲ್ಪ ಅಂತರದಲ್ಲಿ ಎರಡು ಕಡೆಯಿಂದ ಬಂದರೆ ಮಿದುಳು ಎರಡನ್ನೂ ಸೇರಿಸಿ ಒಂದು ಮಾಡುತ್ತದೆ, ಮೊದಲು ಬಂದ ದಿಕ್ಕನ್ನೇ ಸದ್ದಿನ ದಿಕ್ಕು ಎಂದು ತೀರ್ಮಾನಿಸುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದರು. ಆಮೇಲೆ ಬಂದ ಸದ್ದು ಮೊದಲಿನದಕ್ಕಿಂತ 10 ಡೆಸಿಬೆಲ್ ಜೋರಾಗಿದ್ದರೂ, ತಡ ಹತ್ತಿಪ್ಪತ್ತು ಮಿಲಿಸೆಕೆಂಡಿನದ್ದಾದರೆ, ಅದು ಬೇರೆ ಸದ್ದಾಗಿ ಕೇಳುವುದಿಲ್ಲ. ಮಿಲಿಸೆಕೆಂಡ್ ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಗೋಡೆಗೆ ಬಡಿದು ಬರುವ ಮಾರ್ದನಿಗಳ ನಡುವೆಯೂ ನಾವು ಮಾತು ತಿಳಿದುಕೊಳ್ಳುವುದು ಕಿವಿಯ ಈ ಗುಣದಿಂದ. ಮಾತಿಗೆ ಈ ಸಹನೆ ಮೂವತ್ತು, ನಲವತ್ತು ಮಿಲಿಸೆಕೆಂಡಿನವರೆಗೂ ಇರುತ್ತದೆ. ಚಿಟಿಕೆಯಂಥ ಚುರುಕು ಸದ್ದಿಗೆ ಐದರ ಆಸುಪಾಸಿನಲ್ಲೇ ಮುಗಿಯುತ್ತದೆ. ಎಳೆದು ಹಾಡಿದ ಸ್ವರ ತಪ್ಪನ್ನು ಮುಚ್ಚಿಹಾಕಿತ್ತು, ಮೃದಂಗ ಬಯಲು ಮಾಡಿತು.

ಹಾಗಾಗಿ ಮನೆ ತುಂಬ ಹಾಡು ಬೇಕೆನ್ನುವವರು ಅಂಗಡಿಯಲ್ಲಿ ವಾಟ್ ಎಷ್ಟು, ಬಾಸ್ ಹೇಗೆ ಎಂದು ಕೇಳುವ ಮೊದಲು ಈ ಪೆಟ್ಟಿಗೆಗಳು ಕಾಲವನ್ನು ಹೇಗೆ ಕಾಯುತ್ತವೆ ಎಂದು ಕೇಳಬೇಕು. ಧ್ವನಿ ಸ್ವಲ್ಪ ತೆಳುವಾದರೆ ಕಿವಿ ಹೊಂದಿಕೊಳ್ಳುತ್ತದೆ. ಕಾಲ ತಪ್ಪಿದ ಹಾಡಿಗೆ ಹೊಂದಿಕೊಳ್ಳಲು ಆಗುವುದೇ ಇಲ್ಲ.

ಕಾಲ ತಪ್ಪುವುದು ಎಲ್ಲಿ? ಎರಡೂ ಸ್ಪೀಕರುಗಳನ್ನು ಒಂದೇ ಕ್ಷಣಕ್ಕೆ ಶುರುಮಾಡಿದರೆ ಸಾಲದೇ ಎಂದು ನಾನೂ ಅಂದುಕೊಂಡಿದ್ದೆ. ಸಾಲದು. ಪ್ರತಿ ಡಿಜಿಟಲ್ ಸ್ಪೀಕರಿನೊಳಗೂ ಒಂದು ಕ್ವಾರ್ಟ್ಸ್ ಹರಳು ಇರುತ್ತದೆ. ವಿದ್ಯುತ್ ಕೊಟ್ಟರೆ ಅದು ತನ್ನದೇ ವೇಗದಲ್ಲಿ ನಡುಗುತ್ತದೆ. ಆ ನಡುಕವನ್ನು ಎಣಿಸಿಯೇ ಸ್ಪೀಕರ್ ಕಾಲ ಅಳೆಯುವುದು. ಸಿ.ಡಿ. ಗುಣಮಟ್ಟದ ಹಾಡೆಂದರೆ ಸೆಕೆಂಡಿಗೆ 44,100 ಅಂಕಿಗಳ ಸಾಲು, ಎಡಕ್ಕೊಂದು ಬಲಕ್ಕೊಂದು. ಹರಳು ಹಾಕುವ ತಾಳಕ್ಕೆ ಸರಿಯಾಗಿ ಅವು ಒಂದೊಂದೇ ಹೊರಬೀಳುತ್ತವೆ. ಆದರೆ ಯಾವ ಎರಡು ಹರಳೂ ತದ್ವತ್ತಲ್ಲ. ಸಾಮಾನ್ಯ ಹರಳು ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚುಕಮ್ಮಿ ಇರಬಹುದು. ಒಂದು 20 ಮುಂದೆ, ಇನ್ನೊಂದು 20 ಹಿಂದೆ ಓಡಿದರೆ ಗಂಟೆಗೆ 144 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ಮೂರು ಗಂಟೆಯ ಕಛೇರಿಯ ಕೊನೆಯ ಮಂಗಳ ಹಾಡುವ ಹೊತ್ತಿಗೆ ಅದು ಹತ್ತಿರಹತ್ತಿರ ಅರ್ಧ ಸೆಕೆಂಡ್! ಬಿಸಿಯಾದರೂ ಹರಳಿನ ವೇಗ ಚೂರು ಬದಲಾಗುತ್ತದೆ. ಒಲೆಯ ಹತ್ತಿರ ಕೂತ ಸ್ಪೀಕರಿನ ಕಾಲವೂ ಮಲಗುವ ಕೋಣೆಯ ಸ್ಪೀಕರಿನ ಕಾಲವೂ ಅಕ್ಷರಶಃ ಬೇರೆಬೇರೆ.

ಒಳ್ಳೆಯ ಬಹುಕೋಣೆ ವ್ಯವಸ್ಥೆ ಇದನ್ನು ಸಂಭಾಳಿಸುವ ರೀತಿ ನನಗೆ ಬಲು ಇಷ್ಟ. ಗುಂಪಿನಲ್ಲಿ ಒಂದು ಸ್ಪೀಕರ್ ತಾಳ ಹಾಕುವವನ ಜಾಗದಲ್ಲಿ ಕೂರುತ್ತದೆ. ಮಿಕ್ಕವು ಆಗಾಗ ವೈಫೈ ಮೂಲಕ ಅದನ್ನು ಕೇಳುತ್ತವೆ: ನಿನ್ನಲ್ಲೀಗ ಸಮಯ ಎಷ್ಟು? ಉತ್ತರ ಬರುವಷ್ಟರಲ್ಲಿ ಒಂದಿಷ್ಟು ಕಾಲ ಕಳೆದಿರುತ್ತದೆಯಲ್ಲ, ಹೋಗಿಬರಲು ಹಿಡಿದ ಒಟ್ಟು ಹೊತ್ತನ್ನು ಅರ್ಧ ಮಾಡಿ ಉತ್ತರಕ್ಕೆ ಸೇರಿಸಿಕೊಳ್ಳುತ್ತವೆ. ಹೋಗುವ ದಾರಿಯೂ ಬರುವ ದಾರಿಯೂ ಸಮ ಇದ್ದರೆ ಲೆಕ್ಕ ಸರಿ. ವೈಫೈನಲ್ಲಿ ಅವು ಸಮ ಇರುವುದಿಲ್ಲ. ಪಕ್ಕದ ಮನೆಯ ರೌಟರ್ ನಡುವೆ ಬಾಯಿ ಹಾಕಿದರೆ ಉತ್ತರ ಕಾದು ನಿಲ್ಲುತ್ತದೆ. ಅದಕ್ಕೆ ಹತ್ತಾರು ಸಲ ಕೇಳಿ, ಎಲ್ಲಕ್ಕಿಂತ ಬೇಗ ಹೋಗಿಬಂದ ಉತ್ತರಗಳನ್ನೇ ನಂಬುವುದು. ಇಂಟರ್ನೆಟ್ಟಿನ ಗಡಿಯಾರಗಳನ್ನು ಹೊಂದಿಸಲು ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲೇ ಇಂಥದ್ದೊಂದು ಕ್ರಮವನ್ನು ನಿಯಮವಾಗಿ ಬರೆದಿಟ್ಟರು. ಈ ಪ್ರಶ್ನೋತ್ತರ ನಡೆಯುವ ಜೊತೆಗೇ ಹಾಡಿನ ಪ್ರತಿ ಚೂರಿಗೂ ಮುಹೂರ್ತ ಇಡಲಾಗುತ್ತದೆ: ಇದನ್ನು ಇಷ್ಟು ಹೊತ್ತಿಗೆ ಸರಿಯಾಗಿ ನುಡಿಸು ಎಂದು. ಚೂರು ಮೊದಲೇ ತಲುಪಿ ಕಾಯುತ್ತದೆ, ಮುಹೂರ್ತಕ್ಕೆ ಎಲ್ಲ ಕೋಣೆಗಳಲ್ಲೂ ಒಟ್ಟಿಗೆ ನುಡಿಯುತ್ತದೆ. ಯಾವುದಾದರೂ ಸ್ಪೀಕರ್ ಮುಂದೋಡುತ್ತಿದ್ದರೆ ನಡುವೆ ಒಂದು ಅಂಕಿ ಹೆಚ್ಚಿಗೆ ತುರುಕಿ, ಹಿಂದುಳಿದಿದ್ದರೆ ಒಂದನ್ನು ಬಿಟ್ಟು ಹೊಂದಿಸಿಕೊಳ್ಳುತ್ತದೆ. ನಲವತ್ತನಾಲ್ಕು ಸಾವಿರದಲ್ಲಿ ಒಂದು ಹೋಗಿದ್ದು, ಬಂದದ್ದು ಯಾವ ಕಿವಿಗೂ ತಿಳಿಯದು.

ಸೋನೋಸ್‌ನವರು ತಮ್ಮ ಮೊದಲ ಬಹುಕೋಣೆ ಸಾಧನವನ್ನು ಮಾರುಕಟ್ಟೆಗೆ ತಂದದ್ದು 2005ರಲ್ಲಿ. ಆಪಲ್‌ನ ಏರ್‌ಪ್ಲೇ ಪದ್ಧತಿ 2018ರಲ್ಲಿ ಎರಡನೇ ಆವೃತ್ತಿ ಬಂದಾಗ ಫೋನಿನಿಂದಲೂ ಹಲವು ಕೋಣೆಗೆ ಹಬ್ಬಿತು. ಗೂಗಲ್‌ನ ಕಾಸ್ಟ್ ಇದೆ. ಒಳಗಿನ ಲೆಕ್ಕಾಚಾರದಲ್ಲಿ ವ್ಯತ್ಯಾಸಗಳಿದ್ದರೂ ಇವೆಲ್ಲದರ ಬೇರು ಮೇಲೆ ಹೇಳಿದ್ದೇ. ಬ್ಲೂಟೂತ್ ಹುಟ್ಟಿದ್ದು ಬೇರೆಯೇ ಕೆಲಸಕ್ಕೆ, ಒಂದು ಫೋನಿಗೂ ಒಂದು ಹೆಡ್‌ಫೋನಿಗೂ ನಡುವಿನ ತಂತಿ ತೆಗೆಯಲು. ಹಾಡು ಫೋನಿನ ಮೂಲಕವೇ ಹಾದುಹೋಗಬೇಕು. ಫೋನು ಹಿಡಿದು ಮಹಡಿಗೆ ಹೋದರೆ ಕೆಳಗೆ ಹಾಡು ತುಂಡಾಗುತ್ತದೆ, ಕರೆ ಬಂದರೆ ನಿಂತೇ ಹೋಗುತ್ತದೆ. ವೈಫೈ ಸ್ಪೀಕರ್ ಹಾಡನ್ನು ಇಂಟರ್ನೆಟ್ಟಿನಿಂದ ತಾನೇ ತರಿಸಿಕೊಳ್ಳಬಲ್ಲದು, ಫೋನು ಬರೀ ರಿಮೋಟು. ಆರಾಕಾಸ್ಟ್ ಎಂಬ ಹೊಸ ಬ್ಲೂಟೂತ್ ಪದ್ಧತಿ ಒಂದು ಮೂಲದಿಂದ ಎಷ್ಟು ಸ್ಪೀಕರುಗಳಿಗಾದರೂ ಬಿತ್ತರಿಸುತ್ತದೆ. ಒಂದು ದೊಡ್ಡ ಕೋಣೆಗೆ ಅದು ಸೊಗಸು. ಗೋಡೆ ದಾಟುವುದು ಮಾತ್ರ ಅದಕ್ಕೂ ಕಷ್ಟವೇ.

ಗೋಡೆಯ ವಿಷಯ ಬಂದರೆ ನಮ್ಮ ಮನೆಗಳನ್ನು ನೋಡಿಕೊಳ್ಳಬೇಕು. ಕಂಪನಿಗಳು ಜಾಹೀರಾತಿನಲ್ಲಿ ತೋರಿಸುವುದು ಮರದ ಚೌಕಟ್ಟಿನ ತೆಳು ಗೋಡೆಯ ಮನೆ. ನಮ್ಮದು ಇಟ್ಟಿಗೆ, ಕರಾವಳಿಯಲ್ಲಾದರೆ ಮುರಕಲ್ಲು, ತಲೆ ಮೇಲೆ ಕಬ್ಬಿಣದ ಸರಳು ಹೆಣೆದ ಆರ್‌ಸಿಸಿ. ವೈಫೈನ 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ಇಂಥ ಗೋಡೆ ಎರಡು ದಾಟುವಷ್ಟರಲ್ಲಿ ಸೊರಗುತ್ತದೆ. 2.4 ಗಿಗಾಹರ್ಟ್ಸ್‌ನದು ಹೆಚ್ಚು ದೂರ ಹೋಗುತ್ತದೆ, ಆದರೆ ಅದೇ ಪಟ್ಟಿಯಲ್ಲಿ ಬ್ಲೂಟೂತ್, ಮೈಕ್ರೋವೇವ್ ಒಲೆ, ಅಕ್ಕಪಕ್ಕದವರ ರೌಟರ್ ಎಲ್ಲ ಗದ್ದಲ ಮಾಡುತ್ತಿರುತ್ತವೆ. ಹಾಡಿಗೆ ವೇಗ ಬೇಕಿಲ್ಲ, ಸಿ.ಡಿ. ಗುಣಮಟ್ಟಕ್ಕೂ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಸಾಕು. ಬೇಕಾದ್ದು ತಡೆಯಿಲ್ಲದ ಸಂಪರ್ಕ. ಎರಡೂ ಪಟ್ಟಿ ಹಿಡಿಯುವ ಸ್ಪೀಕರ್ ಕೊಳ್ಳಿ. ರೌಟರನ್ನು ಉಕ್ಕಿನ ಬೀರುವಿನ ಹಿಂದಿನಿಂದ ಈಚೆ ತಂದು ಎತ್ತರದಲ್ಲಿಡಿ. ಸಾಧ್ಯವಾದರೆ ಒಂದು ಸ್ಪೀಕರಿಗಾದರೂ ರೌಟರಿನಿಂದ ನೇರ ತಂತಿ ಎಳೆಸಿ. ರೌಟರ್ ಯುಪಿಎಸ್ ಮೇಲೆ ಇರಲಿ. ಅದು ಆರಿದರೆ, ಬ್ಯಾಟರಿಯ ಸ್ಪೀಕರಿದ್ದೂ ಹಾಡಿಲ್ಲ.

ಒಂದೇ ಕೋಣೆಯಲ್ಲಿ ಎರಡು ಸ್ಪೀಕರ್ ಎಡಬಲ ಜೋಡಿ ಮಾಡುವುದಾದರೆ ಕಟ್ಟುನಿಟ್ಟು ಇನ್ನೂ ಹೆಚ್ಚು. ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಸಾಗುವುದು ಸುಮಾರು 34 ಸೆಂಟಿಮೀಟರ್. ಎಡದ್ದು ಅಷ್ಟು ಮುಂದಾದರೂ ಸಾಕು, ನಡುವೆ ಕೂತು ಹಾಡುತ್ತಿದ್ದ ಗಾಯಕಿ ಎಡ ಸ್ಪೀಕರಿನೊಳಕ್ಕೆ ಸರಿದುಬಿಡುತ್ತಾರೆ. ಜೋಡಿಯಾಗಿ ಬಳಸಬಹುದು ಎಂದು ತಯಾರಕರೇ ಹೇಳಿದ, ಒಂದೇ ಮಾದರಿಯ ಎರಡನ್ನು ಕೊಳ್ಳುವುದೇ ಕ್ಷೇಮ. ಟಿ.ವಿ. ಸದ್ದನ್ನು ಎಲ್ಲ ಕೋಣೆಗೂ ಕಳಿಸುವ ಆಸೆ ಇದ್ದರೆ ಅದನ್ನು ಬೇರೆಯಾಗಿಯೇ ಪರೀಕ್ಷಿಸಿ. ಸದ್ದು ಚಿತ್ರಕ್ಕಿಂತ ಸೆಕೆಂಡಿನ ಎಂಟನೇ ಒಂದು ಪಾಲು ತಡವಾದರೆ ಸಾಕು, ತುಟಿಗೂ ಮಾತಿಗೂ ತಾಳೆಯಾಗದ್ದು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಅಪ್ಪ ಕೊಂಡ ರೇಡಿಯೋ ಮೂವತ್ತು ವರ್ಷ ಹಾಡಿತು. ಈಗಿನ ಸ್ಪೀಕರಿನ ಆಯುಷ್ಯ ಅದರ ಸಾಫ್ಟ್‌ವೇರಿನ ಕೈಯಲ್ಲಿದೆ. ಗೂಗಲ್ ಕ್ರೋಮ್‌ಕಾಸ್ಟ್ ಆಡಿಯೋ ಎಂಬ, ಹಳೆ ಸ್ಪೀಕರಿಗೆ ಸಿಕ್ಕಿಸುವ ಪುಟ್ಟ ಬಿಲ್ಲೆಯನ್ನು 2015ರಲ್ಲಿ ತಂದಿತು, 2019ರಲ್ಲಿ ತಯಾರಿ ನಿಲ್ಲಿಸಿತು. 2025ರ ಮಾರ್ಚ್‌ನಲ್ಲಿ ಅದರೊಳಗಿನ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು, ಸರಿಪಡಿಸುವವರೆಗೆ ಕೆಲವು ದಿನ ಜಗತ್ತಿನಾದ್ಯಂತ ಆ ಬಿಲ್ಲೆಗಳು ಕೆಲಸ ಮಾಡಲಿಲ್ಲ. ಲಾಜಿಟೆಕ್‌ನ ಸ್ಕ್ವೀಝ್‌ಬಾಕ್ಸ್ ಎಂಬ ಹಾಡಿನ ಪೆಟ್ಟಿಗೆಯ ಕತೆ ಬೇರೆ. 2012ರಲ್ಲಿ ಅದೂ ನಿಂತಿತು, ಆದರೆ ಅದರ ತಂತ್ರಾಂಶ ಮುಕ್ತವಾಗಿದ್ದುದರಿಂದ ಬಳಸುವವರೇ ಅದನ್ನು ಮುಂದುವರಿಸಿಕೊಂಡು ಬಂದಿದ್ದಾರೆ, ಹಳೆಯ ಪೆಟ್ಟಿಗೆಗಳು ಇವತ್ತೂ ಹಾಡುತ್ತಿವೆ. ಅದೇ ತಂತ್ರಾಂಶವನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಹಾಕಿ ಮನೆಯ ಹಳೆ ಆಂಪ್ಲಿಫೈಯರಿಗೆ ಸಿಕ್ಕಿಸಬಹುದು. ಮನೆಯಲ್ಲಿ ಈ ಕೆಲಸ ಬಲ್ಲ ಹುಡುಗನೋ ಹುಡುಗಿಯೋ ಇದ್ದರೆ ನಾನು ಮೊದಲು ಹೇಳುವುದು ಈ ದಾರಿಯನ್ನೇ. ಇಲ್ಲದಿದ್ದರೆ ಹೊರಗಿನ ತಂತಿ ಸಿಕ್ಕಿಸುವ ತೂತಿರುವ, ಒಂದಕ್ಕಿಂತ ಹೆಚ್ಚು ಪದ್ಧತಿ ಅರ್ಥವಾಗುವ ಸ್ಪೀಕರ್ ನೋಡಿ. ಕಂಪನಿಯ ಆ್ಯಪ್ ಕೈಕೊಟ್ಟ ದಿನ ಆ ತೂತು ನೆರವಿಗೆ ಬರುತ್ತದೆ.

ನಾನು ಎರಡನೇ ಸಲ ಕೊಳ್ಳುವ ಮೊದಲು ಅಂಗಡಿಯವರನ್ನು ಒಪ್ಪಿಸಿ ಎರಡು ಸ್ಪೀಕರ್ ಮನೆಗೇ ತರಿಸಿದೆ. ನಡುಮನೆ, ಅಡುಗೆಮನೆ ನಡುವಿನ ಬಾಗಿಲಲ್ಲಿ ಎರಡಕ್ಕೂ ಸಮದೂರದಲ್ಲಿ ನಿಂತು ಅದೇ ತನಿ ಆವರ್ತನ ಹಾಕಿದೆ. ಸಮದೂರ ಮುಖ್ಯ, ಒಂದಕ್ಕಿಂತ ಇನ್ನೊಂದು ಮೂರು ಮೀಟರ್ ಹತ್ತಿರವಿದ್ದರೆ ಗಾಳಿಯಲ್ಲೇ ಒಂಬತ್ತು ಮಿಲಿಸೆಕೆಂಡ್ ವ್ಯತ್ಯಾಸ ಬಂದುಬಿಡುತ್ತದೆ. ಹಚ್ಚಿದ ಕೂಡಲೇ ಸರಿ ಇದ್ದದ್ದಕ್ಕೆ ತೃಪ್ತಿಪಡದೆ ಒಂದು ಗಂಟೆ ಓಡಲು ಬಿಟ್ಟು ಮತ್ತೆ ಅಲ್ಲೇ ನಿಂತೆ. ಪೆಟ್ಟು ಒಂದೇ. ನಡುಮನೆಯಿಂದ ಅಡುಗೆಮನೆಗೆ ನಡೆದೆ, ಹಾಡು ಕೈ ಹಿಡಿದುಕೊಂಡೇ ಬಂತು.

ಅಮ್ಮನಿಗೂ ಒಪ್ಪಿಗೆಯಾಯಿತು. ಆದರೆ ಅವರು ನೋಡಿದ್ದು ತಾಳವನ್ನಲ್ಲ, ಸ್ಪೀಕರಿನ ನೆತ್ತಿಯನ್ನು. ಅಲ್ಲಿ ಒತ್ತಿದರೆ ಟಕ್ಕೆನ್ನುವ ನಿಜವಾದ ಗುಂಡಿ ಇತ್ತು. ಅಡುಗೆ ಮಾಡುವ ಒದ್ದೆ ಕೈಯಲ್ಲಿ ಫೋನಿನ ಗಾಜು ತೀಡಲು ಆಗುವುದಿಲ್ಲ. ಬೇಳೆಗೆ ಕುಕ್ಕರ್ ಇಟ್ಟ ಮೇಲೆ ಮೊಣಕೈಯಿಂದ ಆ ಗುಂಡಿ ಒತ್ತಿ ಅಡುಗೆಮನೆಯ ಹಾಡನ್ನಷ್ಟೇ ನಿಲ್ಲಿಸುತ್ತಾರೆ, ಮೂರು ಸೀಟಿ ಎಣಿಸುತ್ತಾರೆ, ಮತ್ತೆ ಒತ್ತುತ್ತಾರೆ. ನಡುಮನೆಯಲ್ಲಿ ಸಾಗುತ್ತಲೇ ಇದ್ದ ಹಾಡಿಗೆ, ಅದೇ ಆವರ್ತದ ಅದೇ ಪೆಟ್ಟಿಗೆ, ಅಡುಗೆಮನೆಯೂ ಬಂದು ಸೇರಿಕೊಳ್ಳುತ್ತದೆ.