ತಲೆಯೊಳಗಿನ ಕಿಂಡಿಗಳು



ಫಿಟ್ಸ್ ಬರುವವರನ್ನು ನೀವು ನೋಡಿರಬಹುದು. ಕೈಕಾಲು ಸೆಟೆದುಕೊಳ್ಳುತ್ತದೆ. ಬಾಯಲ್ಲಿ ನೊರೆ ಬರುತ್ತದೆ. ಎಚ್ಚರ ತಪ್ಪುತ್ತದೆ. ಇದಕ್ಕೆ ಮೂರ್ಛೆ ರೋಗ, ಅಪಸ್ಮಾರ ಎಂದೂ ಹೇಳುತ್ತಾರೆ. "ಗಾಳಿ ಸೋಕಿದೆ" ಎನ್ನುವವರೂ ಇದ್ದಾರೆ.

ಇದು ಗಾಳಿಯಲ್ಲ. ಶಾಪವೂ ಅಲ್ಲ. ಇದು ಮಿದುಳಿನ ಕಾಯಿಲೆ. ಇದಕ್ಕೆ ಮದ್ದು ಇದೆ. ಸರಿಯಾಗಿ ಮದ್ದು ತೆಗೆದುಕೊಂಡರೆ ಹತ್ತು ಜನರಲ್ಲಿ ಸುಮಾರು ಏಳು ಜನರಿಗೆ ಫಿಟ್ಸ್ ಬಾರದ ಹಾಗೆ ಮಾಡಬಹುದು. ಆದರೆ ಎಷ್ಟೋ ಮಂದಿ ನಡುವೆ ಮಾತ್ರೆ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟರೆ ಏನಾಗುತ್ತದೆ? ಅದು ತಿಳಿಯಬೇಕಾದರೆ ಮಿದುಳು ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ತಿಳಿಯೋಣ.

ಮಿದುಳಿನಲ್ಲಿ ಏನಿದೆ?

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುತ್ತಲೇ ಇರುತ್ತದೆ. ಬೀಡಿ ಕಟ್ಟುವ ಬೆರಳು ಆಡುವುದು ಈ ಸುದ್ದಿಯಿಂದ. ಮಗು ಅತ್ತದ್ದು ಕೇಳುವುದೂ ಈ ಸುದ್ದಿಯಿಂದ. ಈಗ ನೀವು ಈ ಅಕ್ಷರ ಓದುತ್ತಿರುವುದೂ ಇದರಿಂದಲೇ.

ಈ ಸುದ್ದಿ ಹೋಗುವುದು ವಿದ್ಯುತ್ತಿನ ರೂಪದಲ್ಲಿ. ತಲೆಯೊಳಗೆ ಕರೆಂಟಾ ಎಂದು ಹೆದರಬೇಡಿ. ಇದು ಬಹಳ ಸಣ್ಣ ವಿದ್ಯುತ್ತು. ಉಪ್ಪಿನ ಕಣಗಳು ಕೋಶದ ಒಳಗೆ ಹೊರಗೆ ಓಡಾಡುವುದರಿಂದ ಅದು ಹುಟ್ಟುತ್ತದೆ.

ಕಿಂಡಿ ಎಂದರೇನು?

ನಮ್ಮ ಊರಿನ ಹೊಳೆಗಳಲ್ಲಿ ಕಿಂಡಿ ಅಣೆಕಟ್ಟು ನೋಡಿದ್ದೀರಲ್ಲ? ಹಲಗೆ ಹಾಕಿದರೆ ನೀರು ನಿಲ್ಲುತ್ತದೆ. ಹಲಗೆ ತೆಗೆದರೆ ನೀರು ಹರಿಯುತ್ತದೆ. ನರಕೋಶದ ಹೊದಿಕೆಯಲ್ಲೂ ಇಂಥ ಸಣ್ಣ ಸಣ್ಣ ಕಿಂಡಿಗಳಿವೆ. ಅವು ಬೇಕಾದಾಗ ತೆರೆಯುತ್ತವೆ. ಬೇಡವಾದಾಗ ಮುಚ್ಚುತ್ತವೆ.

ಕೋಶದ ಹೊರಗೆ ಸೋಡಿಯಂ ಹೆಚ್ಚು. ನಾವು ಅಡುಗೆಗೆ ಹಾಕುವ ಉಪ್ಪಿನಲ್ಲಿ ಇರುವುದು ಇದೇ. ಕೋಶದ ಒಳಗೆ ಪೊಟ್ಯಾಸಿಯಂ ಹೆಚ್ಚು. ಎರಡಕ್ಕೂ ಬೇರೆ ಬೇರೆ ಕಿಂಡಿ ಇದೆ.

ಸುದ್ದಿ ಕಳಿಸುವಾಗ ಮೊದಲು ಸೋಡಿಯಂ ಕಿಂಡಿ ತೆರೆಯುತ್ತದೆ. ಸೋಡಿಯಂ ಒಳಗೆ ನುಗ್ಗುತ್ತದೆ. ಆಗ ಸುದ್ದಿ ಹೊರಡುತ್ತದೆ. ಮರುಗಳಿಗೆಗೆ ಪೊಟ್ಯಾಸಿಯಂ ಕಿಂಡಿ ತೆರೆಯುತ್ತದೆ. ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಆಗ ಕೋಶ ತಣ್ಣಗಾಗುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದಕ್ಕಿಂತಲೂ ಬೇಗ ಮುಗಿಯುತ್ತದೆ.

ಅಂದರೆ ಸೋಡಿಯಂ ಕಿಂಡಿ ಸುದ್ದಿ ಎಬ್ಬಿಸುತ್ತದೆ. ಪೊಟ್ಯಾಸಿಯಂ ಕಿಂಡಿ "ಸಾಕು, ಸುಮ್ಮನಿರು" ಎನ್ನುತ್ತದೆ. ಬಸ್ಸಿಗೆ ಬ್ರೇಕ್ ಇದ್ದ ಹಾಗೆ ಇದು.

ಬೊಂಡಾಸ್ ಕಲಿಸಿದ ಪಾಠ

ಇದೆಲ್ಲ ಗೊತ್ತಾದದ್ದು ಹೇಗೆ? ಆದಿ ಉಡುಪಿಯಿಂದ ಪಡುವಣಕ್ಕೆ ಹೋದರೆ ಮಲ್ಪೆ ಬಂದರು. ಅಲ್ಲಿ ಬೊಂಡಾಸ್ ಬರುತ್ತದೆ. ಬೊಂಡಾಸಿನ ಬಳಗದ ಪ್ರಾಣಿಗಳ ಮೈಯಲ್ಲಿ ಕೆಲವು ನರತಂತುಗಳು ಬಹಳ ದಪ್ಪ. ಕೆಲವು ಜಾತಿಗಳಲ್ಲಿ ಅರ್ಧ ಮಿಲಿಮೀಟರಿಗೂ ಹೆಚ್ಚು ದಪ್ಪ ಇರುತ್ತವೆ. ಹಾಗಾಗಿ ಅದರೊಳಗೆ ಸಣ್ಣ ತಂತಿ ತೂರಿಸಿ ವಿದ್ಯುತ್ತನ್ನು ಅಳೆಯಬಹುದು.

ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಹೀಗೆ ಅಳೆದರು. ಸೋಡಿಯಂ ಒಳಗೆ, ಪೊಟ್ಯಾಸಿಯಂ ಹೊರಗೆ ಎಂಬ ಲೆಕ್ಕವನ್ನು 1952ರಲ್ಲಿ ಬರೆದು ತೋರಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಪೊಟ್ಯಾಸಿಯಂ ಕಿಂಡಿಯ ಆಕಾರ ಹೇಗಿದೆ ಎಂದು 1998ರಲ್ಲಿ ತೋರಿಸಿದವರು ಅಮೆರಿಕದ ಮೆಕಿನನ್. ಅವರಿಗೆ 2003ರಲ್ಲಿ ನೊಬೆಲ್ ಬಂತು.

ಫಿಟ್ಸ್ ಯಾಕೆ ಬರುತ್ತದೆ?

ಸಂತೆಯಲ್ಲಿ ಒಬ್ಬೊಬ್ಬರು ಒಂದೊಂದು ಮಾತು ಆಡುತ್ತಾರೆ. ಅಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಏನಾದೀತು? ಯಾರ ಮಾತೂ ಕೇಳಿಸದು. ಫಿಟ್ಸ್ ಎಂದರೆ ಹಾಗೆಯೇ. ಬಹಳ ಕೋಶಗಳು ಒಟ್ಟಿಗೆ, ಬಿಡದೆ ಸುದ್ದಿ ಕಳಿಸುತ್ತವೆ.

ಇದಕ್ಕೆ ಕಾರಣ ಬೇರೆ ಬೇರೆ. ತಲೆಗೆ ಪೆಟ್ಟು ಬಿದ್ದಿರಬಹುದು. ಹೆರಿಗೆಯಲ್ಲಿ ಮಗುವಿಗೆ ತೊಂದರೆ ಆಗಿರಬಹುದು. ಮಿದುಳಿಗೆ ಸೋಂಕು ತಗಲಿರಬಹುದು. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಪೊಟ್ಯಾಸಿಯಂ ಕಿಂಡಿಯಲ್ಲಿ ದೋಷ ಇರುತ್ತದೆ. ಅಂಥ ಮಗುವಿಗೆ ಹುಟ್ಟಿದ ಮೊದಲ ವಾರದಲ್ಲೇ ಫಿಟ್ಸ್ ಬರಬಹುದು. ಇದು ತಾಯಿಯ ತಪ್ಪಲ್ಲ.

"ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಉಂಟಲ್ಲ, ಅದನ್ನು ಕುಡಿದರೆ ಸಾಲದಾ?" ಎಂದು ನೀವು ಕೇಳಬಹುದು. ಸಾಲದು. ಇಲ್ಲಿ ಕಡಿಮೆ ಆದದ್ದು ಪೊಟ್ಯಾಸಿಯಂ ಅಲ್ಲ. ಬೊಂಡ ಒಳ್ಳೆಯದೇ. ಆದರೆ ಅದು ಫಿಟ್ಸಿಗೆ ಮದ್ದಲ್ಲ.

ಮಾತ್ರೆ ಏನು ಮಾಡುತ್ತದೆ?

ಫೆನಿಟಾಯಿನ್, ಕಾರ್ಬಮಜೆಪಿನ್ ಎಂಬ ಮಾತ್ರೆಗಳು ಸೋಡಿಯಂ ಕಿಂಡಿಯನ್ನು ಹಿಡಿತದಲ್ಲಿ ಇಡುತ್ತವೆ. ಫಿನೊಬಾರ್ಬಿಟಾಲ್ ಮಾತ್ರೆ ಮಿದುಳಿನ ಇನ್ನೊಂದು ಬ್ರೇಕನ್ನು ಬಲ ಮಾಡುತ್ತದೆ.

ಪೊಟ್ಯಾಸಿಯಂ ಕಿಂಡಿಯನ್ನೇ ತೆರೆಯುವ ಮದ್ದೂ ಬಂದಿತ್ತು. ಅದರ ಹೆಸರು ರೆಟಿಗಾಬಿನ್. 2011ರಲ್ಲಿ ಅಮೆರಿಕ, ಯುರೋಪಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಫಿಟ್ಸ್ ಕಡಿಮೆ ಮಾಡಿತು, ನಿಜ. ಆದರೆ ಕೆಲವರ ಚರ್ಮ, ತುಟಿ, ಉಗುರು ನೀಲಿಯಾದವು. ಕಣ್ಣಿನ ಒಳಪರದೆಯ ಬಣ್ಣವೂ ಬದಲಾಯಿತು. 2017ರಲ್ಲಿ ಅದರ ಮಾರಾಟ ನಿಂತಿತು. ಅದೇ ದಾರಿಯ ಹೊಸ ಮದ್ದುಗಳನ್ನು ಈಗ ಪರೀಕ್ಷೆ ಮಾಡುತ್ತಿದ್ದಾರೆ.

ಒಂದು ಮಾತ್ರೆ ಎಲ್ಲರಿಗೂ ಆಗದು. ಫಿಟ್ಸಿನಲ್ಲೂ ಬಗೆಗಳಿವೆ. ವಯಸ್ಸು, ತೂಕ, ಬೇರೆ ಕಾಯಿಲೆ ಎಲ್ಲವನ್ನೂ ನೋಡಿ ಡಾಕ್ಟರು ಮದ್ದು ಕೊಡುತ್ತಾರೆ. ಆದ್ದರಿಂದ ನೆರೆಮನೆಯವರ ಮಾತ್ರೆ ತಂದು ನುಂಗಬಾರದು.

ಮಾತ್ರೆ ಬಿಟ್ಟರೆ ಏನಾಗುತ್ತದೆ?

"ಆರು ತಿಂಗಳಿಂದ ಫಿಟ್ಸ್ ಬಂದಿಲ್ಲ, ಇನ್ನು ಮಾತ್ರೆ ಯಾಕೆ?" ಎನ್ನುತ್ತಾರೆ ಕೆಲವರು. ಫಿಟ್ಸ್ ಬಾರದೆ ಇದ್ದದ್ದೇ ಮಾತ್ರೆಯಿಂದ. ಹೊಳೆ ತುಂಬಿರುವಾಗ ಹಲಗೆಯನ್ನು ಒಮ್ಮೆಲೇ ಕಿತ್ತರೆ ನೀರು ಹೇಗೆ ನುಗ್ಗುತ್ತದೆ? ಹಾಗೆಯೇ ಮಾತ್ರೆ ಒಮ್ಮೆಲೇ ಬಿಟ್ಟರೆ ಒಂದರ ಮೇಲೊಂದು ಫಿಟ್ಸ್ ಬರಬಹುದು. ಜೀವಕ್ಕೇ ಅಪಾಯ ಆಗಬಹುದು. ಮಾತ್ರೆ ನಿಲ್ಲಿಸುವ ಕಾಲವೂ ಬರಬಹುದು. ಆಗ ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾರೆ.

ಹೆಂಗಸರು ತಿಳಿಯಬೇಕಾದದ್ದು

ಮದುವೆಯಾಯಿತು ಎಂದು ಮಾತ್ರೆ ಬಚ್ಚಿಡಬೇಡಿ, ಬಿಡಬೇಡಿ. ಹಿಂದೆ ಕಾನೂನಿನಲ್ಲಿ ಫಿಟ್ಸ್ ಇದ್ದವರ ಮದುವೆಗೆ ಅಡ್ಡಿ ಇತ್ತು. 1999ರಲ್ಲಿ ಹಿಂದೂ ವಿವಾಹ ಕಾಯ್ದೆಯಿಂದಲೂ ವಿಶೇಷ ವಿವಾಹ ಕಾಯ್ದೆಯಿಂದಲೂ ಆ ಮಾತನ್ನು ತೆಗೆದುಹಾಕಿದರು.

ಫಿಟ್ಸಿನ ಕೆಲವು ಮಾತ್ರೆಗಳು ಗರ್ಭ ತಡೆಯುವ ಮಾತ್ರೆಯ ಶಕ್ತಿಯನ್ನು ಕಡಿಮೆ ಮಾಡುತ್ತವೆ. ವಾಲ್‌ಪ್ರೊಯೇಟ್ ಎಂಬ ಮಾತ್ರೆಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗಬಹುದು. ಆದ್ದರಿಂದ ಮಗು ಬೇಕು ಅನ್ನಿಸಿದಾಗ ಮೊದಲೇ ಡಾಕ್ಟರಿಗೆ ಹೇಳಿ. ಅವರು ಮದ್ದು ಬದಲಾಯಿಸಬಹುದು. ಬಸುರಿ ಎಂದು ಗೊತ್ತಾದರೂ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕೂಡಲೇ ಡಾಕ್ಟರನ್ನು ಕಾಣಿ.

ಉಡುಪಿಯ ಅಜ್ಜರಕಾಡಿನಲ್ಲಿ ಸರಕಾರಿ ಜಿಲ್ಲಾ ಆಸ್ಪತ್ರೆ ಇದೆ. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ಇದೆ. ಹೋಗುವಾಗ ಹಳೆಯ ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಕೊಂಡುಹೋಗಿ. ಮಾತ್ರೆಯ ಹೆಸರನ್ನು ನೀವೇ ಓದಿ. ಈಗ ನಿಮಗೆ ಓದಲು ಬರುತ್ತದಲ್ಲ!

ನೆನಪಿಡಿ

1. ಫಿಟ್ಸ್ ಬಂದವರನ್ನು ಒಂದು ಮಗ್ಗುಲಿಗೆ ಮಲಗಿಸಿ. ಹತ್ತಿರ ಬೆಂಕಿ, ಕತ್ತಿ ಇದ್ದರೆ ದೂರ ಸರಿಸಿ.
2. ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಅದರಿಂದ ಫಿಟ್ಸ್ ನಿಲ್ಲದು.
3. ಬಾಯಿಗೆ ನೀರು, ಚಮಚ, ಬಟ್ಟೆ ಏನನ್ನೂ ಹಾಕಬೇಡಿ.
4. ಫಿಟ್ಸ್ ಐದು ನಿಮಿಷ ಆದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.
5. ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ.

ಮಾತಾಡೋಣ

ನಿಮ್ಮ ವಠಾರದಲ್ಲಿ ಯಾರಿಗಾದರೂ ಫಿಟ್ಸ್ ಇದೆಯೇ? ಅವರು ಮಾತ್ರೆ ಬಿಟ್ಟಿದ್ದಾರೆಯೇ? ಯಾಕೆ ಬಿಟ್ಟರು? ಈ ಪಾಠವನ್ನು ಅವರಿಗೆ ಓದಿ ಹೇಳಿ.