ಬಿದ್ದ ಬೈಕ್ ಎತ್ತೋಕೆ ಡ್ಯೂಪ್ ಬರೋಲ್ಲ!

ತೆರೆಯ ಮೇಲೆ ನಾಯಕ ಬೈಕ್ ಹಾರಿಸ್ತಾನೆ... ನಾವು ಶಿಳ್ಳೆ ಹೊಡೀತೀವಿ. ಆದ್ರೆ ಮಿತ್ರರೇ, ಎಷ್ಟೋ ಸಲ ಹಾರಿಸೋನು ಡ್ಯೂಪ್, ಬಿದ್ದದ್ದನ್ನು ಎತ್ತೋರು ಯೂನಿಟ್ ಹುಡುಗರು!

ಸಕಲೇಶಪುರದ ಕಡೆಯ ಕೆಸರು ದಾರಿಯಲ್ಲಿ ನೀವು ಒಬ್ಬರೇ. ಒಂದು ಮಳೆಗಾಲ, ಸ್ನೇಹಿತನ ಭಾರಿ ಗಾಡಿಯಡಿ ಕಾಲು ಸಿಕ್ಕಿ ಅರ್ಧ ಗಂಟೆ ಒದ್ದಾಡಿದೆ. ಅಂದೇ ತಿಳಿಯಿತು, ಕಾಡುದಾರಿಗೆ ಬೇಕಾದ್ದು ಸಿ.ಸಿ. ಅಲ್ಲ, ಹಗುರ ಮೈ!

2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ರ ತೂಕ 154 ಕಿಲೋ. 411 ಸಿ.ಸಿ. ಹಿಮಾಲಯನ್ 190 ದಾಟುತ್ತದೆ; ಹೆದ್ದಾರಿಗೆ ಸೊಗಸು, ಕೆಸರಿಗೆ ಹೊರೆ. ಕವಾಸಾಕಿ ಕೆ.ಎಲ್.ಎಕ್ಸ್. 230 ಬರೀ 139 ಕಿಲೋ. ಆದ್ರೆ ಸೀಟಿನ ಎತ್ತರ 880 ಮಿಲಿಮೀಟರ್! ಎಕ್ಸ್‌ಪಲ್ಸ್‌ದು 823. ಐದೂವರೆ ಅಡಿಯವರು ಯೋಚಿಸಿ.

ಹೆಡ್‌ಲೈಟ್, ಇಂಡಿಕೇಟರ್ ಇಲ್ಲದ ರೇಸ್ ಗಾಡಿಗೆ ಮರುಳಾಗಬೇಡಿ. ಅದಕ್ಕೆ ಆರ್.ಟಿ.ಓ. ನಂಬರ್ ಸಿಗೋಲ್ಲ, ಕಾಡುದಾರಿ ಮುಟ್ಟೋಕೆ ಊರ ರಸ್ತೆಯಲ್ಲೇ ಹೋಗಬೇಕಲ್ಲ?

ಷೋರೂಮಿನಲ್ಲಿ ಪೋಸು ಬೇಡ. ಕೂತು ಪಾದ ಊರಿ ನೋಡಿ. ಒಂದು ಕಡೆ ವಾಲಿಸಿ, ಒಬ್ಬರೇ ನೆಟ್ಟಗೆ ನಿಲ್ಲಿಸಿ. ಆಯ್ತೇ? ಅದೇ ನಿಮ್ಮ ಗಾಡಿ!

ಮನೆಯಲ್ಲಿ ಅಮ್ಮ ಕಾಯ್ತಿರ್ತಾರೆ. ಕ್ಲೈಮಾಕ್ಸ್ ಮನೆ ಬಾಗಿಲಲ್ಲೇ ಆಗಲಿ!